ಶರಣಾರ್ಥಿಗೆ ಕೊಟ್ಟ ಉತ್ತರ

“ಅಯ್ಯಯ್ಯೋ... ಮನಿ ಮರ್ಯಾದಿ ತೊಳದ್ಳಲ್ಲೋ!”

ನೀಲಾಬಾಯಿ ಕಿರುಚಿದ ದನಿಗೆ ಶಹಾಬಾದದ ಫರಸಿಕಲ್ಲುಗಳು ತಾವಾಗಿಯೇ ಎರಡು ಸೀಳಾದವಂತೆ. ಆ ದಿನ ಮಗ ಶಾಂತಕುಮಾರನ ಅಂಗಳದಲ್ಲಿ ಕಲ್ಲು ಸೀಳುವ ಕಟಿಂಗ್ ಮಷೀನಿಗೆ ಕೆಲಸವೇ ಉಳಿಯಲಿಲ್ಲ. ಆದರೆ ಆಕೆಯ ಕಣ್ಣಲ್ಲಿ ಹನಿ ನೀರಿಲ್ಲ. ಅಳುತ್ತಿದ್ದವಳು ಏಳನೇ ಇಯತ್ತೆಯ ಮೊಮ್ಮಗಳು ಶಿವರಂಜನಿ.

ನಡೆದದ್ದಿಷ್ಟು. ಗಿರಾಕಿಗಳಿಗೆ ಮೊಬೈಲಿನಲ್ಲಿ ಕಲ್ಲಿನ ಫೋಟೋ ಕಳಿಸುವುದು ಶಿವರಂಜನಿಯ ಕೆಲಸ. ಮನೆಯಲ್ಲಿ ಮೊಬೈಲಿಗೆ ಹೆದರದವಳು ಅವಳೊಬ್ಬಳೇ. ಗಿರಾಕಿಯೆಂದು ಬಂದವನೊಬ್ಬ ಕಲ್ಲು ಕೊಳ್ಳಲಿಲ್ಲ, ದಿನಾ ಬೆಳಿಗ್ಗೆ ಹೂವಿನ ಚಿತ್ರದ ಜೊತೆ ‘ಶರಣು ಶರಣಾರ್ಥಿ’ ಕಳಿಸಿದ. ಅಜ್ಜಿ ಕರಗಿ ನೀರಾದಳು.

“ಎಂಥಾ ಸಂಸ್ಕಾರದ ಹುಡುಗ! ಶರಣಾರ್ಥಿ ಅಂದವರಿಗಿ ತಿರುಗಿ ಶರಣಾರ್ಥಿ ಅನಬೇಕವ್ವ, ಸುಮ್ ಕುಂದ್ರಬಾರ್ದು” ಎಂದು ತಾನೇ ಪಕ್ಕದಲ್ಲಿ ಕುಳಿತು ಉತ್ತರ ಬರೆಸಿದಳು.

ಆಮೇಲೆ ಅವನು ಊಟ ಆಯಿತೇ ಎಂದ. ನೀನು ಭಾಳ ಶಾಣ್ಯಾಕಿ ಎಂದ. ನಿನ್ನ ಫೋಟೋ ಕಳಿಸು, ಅವ್ವನಿಗೆ ಹೇಳಬೇಡ ಎಂದ.

ಹುಡುಗಿ ಓಡಿ ಬಂದು ಅವ್ವನಿಗೇ ಹೇಳಿದಳು!

ಬಸವೇಶ್ವರಿ ಮಗಳನ್ನು ಎದೆಗೊತ್ತಿಕೊಂಡಳು. “ಹೇಳಿದ್ದು ಚಲೋ ಮಾಡ್ದಿ. ನಿಂದೇನ್ ತಪ್ಪಿಲ್ಲ. ನಿನಗ ಯಾರೂ ಬೈಯಂಗಿಲ್ಲ, ನಾ ಅದೀನಿ...” ಆ ಮಾತಿನ ಆಯುಷ್ಯ ಅತ್ತೆ ಹೊಸ್ತಿಲು ದಾಟಿ ಒಳಗೆ ಬರುವ ತನಕ.

“ಉತ್ತರ ಕೊಡು ಅಂದವರು ನೀವೇ ಅಲ್ರಿ ಅತ್ತಿ?”

“ನಾ ಶರಣಾರ್ಥಿ ಅನ್ನು ಅಂದಿದ್ದೆ! ಇಕಿ ಹರಟಿ ಹೊಡಿಲಾಕ ಹೋಗ್ಯಾಳ. ನಾಳಿಂದ ಸಾಲಿ ಬಂದ್! ಕುಂಚಾವರಂದಾಗ ನಮ್ಮ ತಂಗಿ ಮನ್ಯಾಗ ಇರ್ಲಿ. ಆ ಅಡವ್ಯಾಗ ಟಾವರ್ ಸುದ್ದಾ ಸಿಗಂಗಿಲ್ಲ!”

“ಮೊಬೈಲ್ ಕೊಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ... ಠಾಣಾಕ್ ಹೋಗ್ತೀನಿ. ಅವ ಬರ್ದಿದ್ದೆಲ್ಲಾ ಅದರಾಗ ಅದ!”

“ಬಿಡು ಬಸವಿ” ಎಂದ ಶಾಂತಕುಮಾರ. “ಊರಾಗ ಗೊತ್ತಾದ್ರ ನಾಳಿ ಲಗ್ನಕ್ಕ ಇಕಿಗಿ ಯಾರ್ ಕೇಳ್ತಾರ?”

ಅಜ್ಜಿ ಮೊಬೈಲನ್ನು ಪಾಲಿಶ್ ಮಷೀನಿನ ಚಕ್ರದಡಿ ಇಟ್ಟಳು. ಅಪ್ಪ ಸ್ವಿಚ್ ಹಾಕಿದ. ಒರಟು ಕಲ್ಲನ್ನೂ ಕನ್ನಡಿ ಮಾಡುವ ಮಷೀನು ಅದು. ಮೊಬೈಲಿಗೆ ಮಾತ್ರ ಹೊಳಪು ಬರಲಿಲ್ಲ.

ಬಸವೇಶ್ವರಿ ಪಕ್ಕದ ಮನೆಯ ಅಮೀರ್ಬೀಯ ಫೋನಿನಿಂದ ಮಕ್ಕಳ ಸಹಾಯವಾಣಿಗೆ ಕರೆ ಮಾಡಿದಳು. ಆ ಕಡೆಯ ಹೆಣ್ಣುಮಗಳು ನಂಬಿದಳು! “ಮೊಬೈಲ್ ಇಲ್ಲದಿದ್ರೂ ನಡೀತದಮ್ಮ. ನಿಮ್ಮ ಮಗಳು ನಡೆದದ್ದು ಹೇಳಿದ್ರ ಸಾಕು, ಮುಂದಿನದು ನಾವು ನೋಡ್ತೀವಿ.”

ಬಸವೇಶ್ವರಿ ಏದುಸಿರು ಬಿಡುತ್ತ ಮನೆಗೆ ಬಂದಳು. “ಬಾಳಾ, ನನಗ ಹೇಳಿದಂಗ ಅವರಿಗೂ ಒಂದ್ ಸಲ ಹೇಳವ್ವ...”

ಶಿವರಂಜನಿ ಅಜ್ಜಿಯ ಕಡೆ ನೋಡಿದಳು. ಅಪ್ಪನ ಕಡೆ ನೋಡಿದಳು.

“ಏನ್ ಹೇಳ್ಲಿ? ನನಗ ಯಾರೂ ಏನೂ ಅಂದಿಲ್ಲವ್ವ.”

“ನೋಡ್ದಿ?” ಎಂದಳು ನೀಲಾಬಾಯಿ. “ಏನೂ ಆಗೇ ಇಲ್ಲ!” ಆ ರಾತ್ರಿ ಮನೆಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡರು.

ಮರುದಿನ ಕುಂಚಾವರಂಗೆ ಹೊರಡುವ ಮುಂಚೆ ಬಸವೇಶ್ವರಿ ಮಗಳ ಜಡೆ ಹೆಣೆದಳು. ಸಿಕ್ಕಿನಲ್ಲಿ ಬಾಚಣಿಗೆ ಜಗ್ಗಿತು. ಹುಡುಗಿಯ ಕಣ್ಣಲ್ಲಿ ನೀರು ಬಂತು.

“ನೋಯ್ತದೇನ ಬಾಳಾ?”

“ಇಲ್ಲ” ಎಂದಳು ಶಿವರಂಜನಿ.