ಹೆಸರಿಲ್ಲದ ಚೀಲ

ಶಾಲೆಯಿಂದ ಬರುತ್ತ ಓಣಿಯ ಮೂಲೆ ತಿರುಗಿದ ಕೂಡಲೇ ಚಿನಾತ್ಸುವಿನ ಕಾಲು ನಿಂತುಬಿಟ್ಟಿತು.

ಪ್ಲಾಸ್ಟಿಕ್ ಒಯ್ಯುವ ಗಾಡಿ ಬೆಳಿಗ್ಗೆಯೇ ಬಂದು ಹೋಗಿತ್ತು. ಎಲ್ಲ ಮನೆಗಳ ಚೀಲಗಳೂ ಹೋಗಿದ್ದವು. ಆದರೆ ಕಾಗೆ ಕೆದಕದಂತೆ ಹೊದಿಸುವ ನೀಲಿ ಬಲೆಯ ಕೆಳಗೆ ಒಂದೇ ಒಂದು ಚೀಲ ಉಳಿದಿತ್ತು. ಅದರ ಮೇಲೆ ಅಂಗೈಯಗಲದ ಕೆಂಪು ಚೀಟಿ: ‘ಸರಿಯಾಗಿ ಬೇರ್ಪಡಿಸಿಲ್ಲ. ಒಯ್ಯುವುದಿಲ್ಲ.’

ಅದು ಅವಳದೇ ಚೀಲ.

ಅಮ್ಮ ಬುತ್ತಿ ಊಟ ತಯಾರಿಸುವ ಫ್ಯಾಕ್ಟರಿಗೆ ಬೆಳಗಿನ ಐದಕ್ಕೇ ಹೊರಡುತ್ತಾಳೆ. ಹಾಗಾಗಿ ನಾಲ್ಕನೇ ಕ್ಲಾಸಿಗೆ ಬಂದಾಗಿನಿಂದ ಬುಧವಾರದ ಪ್ಲಾಸ್ಟಿಕ್ ಚಿನಾತ್ಸುವಿನ ಕೆಲಸ. ಡಬ್ಬಿ ತೊಳೆಯಬೇಕು. ಬಾಟಲಿಗಳನ್ನು ಬೇರೆ ಇಡಬೇಕು. ಚೀಲದ ಮೇಲೆ ಮಾರ್ಕರಿನಲ್ಲಿ ಮನೆತನದ ಹೆಸರು ಬರೆಯಬೇಕು. ಆದರೆ ಇವತ್ತು ಈ ಮಹಾರಾಣಿ ಎದ್ದದ್ದೇ ಏಳೂಕಾಲಿಗೆ. ಸಾರು ಅಂಟಿದ ಡಬ್ಬಿ, ಅರ್ಧ ಟೀ ಇದ್ದ ಬಾಟಲಿ, ಕೊನೆಗೆ ಒಲೆಯ ಪುಟ್ಟ ಗ್ಯಾಸ್ ಡಬ್ಬಿ, ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿದ್ದಳು. ಮಾರ್ಕರ್ ಕೈಯಲ್ಲೇ ಇತ್ತು. ಹೆಸರು ಬರೆದರೆ ತಾನೇ ಸಿಕ್ಕಿಬೀಳುವುದು ಅನ್ನಿಸಿ, ಅದನ್ನು ಜೇಬಿಗೆ ಹಾಕಿಕೊಂಡು ಶಾಲೆಗೆ ಓಡಿದ್ದಳು.

ಈಗ ಚೀಲದ ಪಕ್ಕ ಹಿರೋಸೆ ಅಜ್ಜಿ ನಿಂತಿದ್ದರು. ಓಣಿಯ ಕಸದ ವಿಷಯದಲ್ಲಿ ಅವರ ಕಣ್ಣು ತಪ್ಪಿಸಿ ಏನೂ ನಡೆಯುವುದಿಲ್ಲ. ಅವರೆದುರು ಲುವಾನಾ ಮತ್ತು ಅವಳಮ್ಮ. ಲುವಾನಾ ಚಿನಾತ್ಸುವಿನ ಕ್ಲಾಸಿನವಳೇ. ಬ್ರೆಜಿಲ್‌ನಿಂದ ಬಂದು ಎರಡು ವರ್ಷವಾಗಿತ್ತು. ಈ ವಾರ ಕಸದ ಸರದಿಯ ಹಲಗೆ ಅವರ ಮನೆ ಬಾಗಿಲಲ್ಲಿ ನೇತಾಡುತ್ತಿತ್ತು. ಸರದಿಯವರು ಬಲೆ ಮಡಚಬೇಕು. ಯಾರದೆಂದು ಗೊತ್ತಿಲ್ಲದ ಚೀಲ ಉಳಿದರೆ ಅದನ್ನು ಮನೆಗೊಯ್ದು ಬೇರ್ಪಡಿಸಬೇಕು.

“ಗ್ಯಾಸ್ ಡಬ್ಬಿ ಹಾಕಿದೀರಲ್ಲ,” ಎಂದರು ಅಜ್ಜಿ. “ಗಾಡಿಗೆ ಬೆಂಕಿ ಹತ್ಕೊಂಡಿದ್ರೆ? ಹೆಸರು ಬರೀರಿ ಅಂತ ಎಷ್ಟು ಸಲ ಹೇಳ್ಬೇಕು?”

“ನಮ್ಮದು ಅಲ್ಲ,” ಲುವಾನಾಳ ಅಮ್ಮ ಪದ ಹುಡುಕಿ ಹುಡುಕಿ ಹೇಳಿದರು. “ನಮ್ಮ ಚೀಲ, ಹೆಸರು ಇದೆ. ಗಾಡಿ ತಗೊಂಡು ಹೋಯ್ತು.”

“ಎಲ್ಲರೂ ಹಾಗೇ ಅಂತಾರೆ. ಮೂವತ್ತು ವರ್ಷದಿಂದ ಇಲ್ಲಿದೀನಿ. ನೀವು ಬರೋಕೆ ಮುಂಚೆ ಒಂದು ಚೀಲಾನೂ ಹೀಗೆ ಉಳಿದಿರ್ಲಿಲ್ಲ. ಭಾನುವಾರ ಓಣಿಯ ಮೀಟಿಂಗ್ ಇದೆ. ನಿಮ್ಮ ಹೆಸರು ಹೇಳ್ತೀನಿ. ಮನೆ ಮಾಲೀಕರಿಗೂ ತಿಳಿಸ್ತೀನಿ.”

ಲುವಾನಾಳ ಅಮ್ಮ ಸೊಂಟ ಬಗ್ಗಿಸಿ, ತಲೆ ತೀರಾ ಕೆಳಗೆ ಬರುವಷ್ಟು ಬಾಗಿದರು. ಲುವಾನಾ ಚೀಲಕ್ಕೆ ಒತ್ತಿಕೊಂಡು ನಿಂತಿದ್ದಳು. ಒಂದು ಸಲ ಚಿನಾತ್ಸುವನ್ನು ನೋಡಿದಳು.

ಚಿನಾತ್ಸು ಕಣ್ಣು ತಗ್ಗಿಸಿದಳು. “ಶಾಲೆಯಿಂದ ಬಂದೆ ಅಜ್ಜಿ,” ಎಂದಷ್ಟೇ ಹೇಳಿ ದಾಟಿಕೊಂಡಳು.

“ಬಂದ್ಯಾ ಪುಟ್ಟಾ?” ಎಂದ ಅಜ್ಜಿ ಲುವಾನಾಳ ಅಮ್ಮನತ್ತ ತಿರುಗಿದರು. “ ನೋಡಿ, ಇಷ್ಟು ಚಿಕ್ಕ ಹುಡುಗಿ, ಎಷ್ಟು ಅಚ್ಚುಕಟ್ಟು. ಇವಳನ್ನ ನೋಡಿ ಕಲೀಬೇಕು.”

ಆ ಹೊಗಳಿಕೆ ಮನೆಯವರೆಗೂ ಬೆನ್ನಿಗೆ ಚುಚ್ಚುತ್ತಲೇ ಬಂತು.

ಮನೆಯಲ್ಲಿ ನೀರು ಕುಡಿಯಲು ಫ್ರಿಜ್ ತೆಗೆದಳು. ಎದುರಿಗೇ ಅವಳ ಪುಡಿಂಗ್ ಕಪ್ಪು. ತಮ್ಮ ರಿಕು ತಿಂದುಬಿಡುತ್ತಾನೆಂದು ಅದರ ಮುಚ್ಚಳದ ಮೇಲೆ ಅವಳೇ ಹೆಸರು ಬರೆದಿದ್ದಳು. ನಿನ್ನೆಯ ಕಪ್ಪಿನ ಮೇಲೂ ಬರೆದಿದ್ದಳು.

ನಿನ್ನೆಯ ಮುಚ್ಚಳ ಎಲ್ಲಿ?

ಆ ಚೀಲದಲ್ಲಿ.

ಚಿನಾತ್ಸು ಫ್ರಿಜ್ ಬಾಗಿಲು ದೂಡಿದಳು. ಚಪ್ಪಲಿಯನ್ನು ಸರಿಯಾಗಿ ಮೆಟ್ಟಿಕೊಳ್ಳದೆ ಲುವಾನಾಳ ಮನೆಗೆ ಓಡಿದಳು.

ಹಿತ್ತಲಿನ ನಲ್ಲಿಯ ಹತ್ತಿರ ಲುವಾನಾ ಒಬ್ಬಳೇ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಗೆ ಅಮ್ಮನ ದೊಡ್ಡ ರಬ್ಬರ್ ಗ್ಲೌಸ್. ಸಾರು ಅಂಟಿದ ಡಬ್ಬಿಯನ್ನು ಉಜ್ಜುತ್ತಿದ್ದಳು.

“ಮೆಲ್ಲಗೆ ಮಾತಾಡು,” ಎಂದಳು. “ಅಮ್ಮಂಗೆ ನೈಟ್ ಶಿಫ್ಟ್. ಈಗಷ್ಟೇ ಮಲಗಿದಾಳೆ.”

“ನಾನೂ ತೊಳೀಲಾ?” ಎನ್ನುತ್ತ ಚಿನಾತ್ಸು ಕೂತಳು. ಕಣ್ಣು ಮಾತ್ರ ಮುಚ್ಚಳಗಳ ರಾಶಿಯಲ್ಲೇ ಇತ್ತು. ಒಂದೊಂದನ್ನೇ ತಿರುಗಿಸಿ ನೋಡಿದಳು.

“ಅದರಲ್ಲಿಲ್ಲ,” ಎಂದಳು ಲುವಾನಾ.

ಗ್ಲೌಸ್ ಕಳಚಿ ಜೇಬಿನಿಂದ ಮುಚ್ಚಳ ತೆಗೆದು ಕೊಟ್ಟಳು. ಅದನ್ನು ಚೆನ್ನಾಗಿ ತೊಳೆದಾಗಿತ್ತು. ‘ಚಿನಾತ್ಸುದು. ರಿಕು, ಮುಟ್ಟಿದ್ರೆ ನೋಡು’ ಎಂಬ ಅಕ್ಷರಗಳು ಮಾತ್ರ ಒಂದಿಷ್ಟೂ ಅಳಿಸಿರಲಿಲ್ಲ.

“ಯಾವಾಗ ಸಿಕ್ತು?”

“ಅಜ್ಜಿ ಬೈತಿದ್ದಾಗಲೇ. ಚೀಲದ ಹೊರಗಿಂದಾನೇ ಕಾಣ್ತಿತ್ತು. ಅದಕ್ಕೇ ಅಡ್ಡ ನಿಂತ್ಕೊಂಡೆ.”

“ಮತ್ತೆ... ಯಾಕೆ ತೋರಿಸ್ಲಿಲ್ಲ?”

ಲುವಾನಾ ಮತ್ತೆ ಗ್ಲೌಸ್ ಹಾಕಿಕೊಂಡಳು. “ನೀನು ಬಂದ್ಯಲ್ಲ. ನೀನೇ ಹೇಳ್ತೀಯ ಅಂದ್ಕೊಂಡೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಚಿನಾತ್ಸುವಿಗೆ. ಇನ್ನೊಂದು ಡಬ್ಬಿ ಎಳೆದುಕೊಂಡು ಉಜ್ಜತೊಡಗಿದಳು.

ಇಬ್ಬರೂ ಸೇರಿ ಎಲ್ಲವನ್ನೂ ತೊಳೆದು, ಒರೆಸಿ, ಹೊಸ ಚೀಲಕ್ಕೆ ತುಂಬಿದರು. ಗ್ಯಾಸ್ ಡಬ್ಬಿಯನ್ನು ಬೇರೆ ಇಟ್ಟರು. ಲುವಾನಾ ಚೀಲದ ಬಾಯಿ ಕಟ್ಟುವಾಗ ಚಿನಾತ್ಸು ಜೇಬಿನಿಂದ ಮಾರ್ಕರ್ ತೆಗೆದಳು. ಚೀಲದ ಈ ತುದಿಯಿಂದ ಆ ತುದಿಗೆ ತನ್ನ ಮನೆತನದ ಹೆಸರು ಬರೆದಳು: ಕುರಾಹಾಶಿ.

“ಮುಂದಿನ ಬುಧವಾರ ಅಲ್ವಾ ಗಾಡಿ?” ಎಂದಳು ಲುವಾನಾ.

“ಹೂಂ. ಆದ್ರೆ ಇದನ್ನ ಈಗಲೇ ಒಯ್ಬೇಕು.”

ಹಿರೋಸೆ ಅಜ್ಜಿಯ ಮನೆಯ ಬೆಲ್ ಒತ್ತುವ ಮೊದಲು ಚಿನಾತ್ಸು ಎರಡು ಸಲ ಕೈ ಹಿಂದಕ್ಕೆ ತೆಗೆದುಕೊಂಡಳು. ಮೂರನೆಯ ಸಲ ಒತ್ತಿಬಿಟ್ಟಳು.

“ಏನು ಪುಟ್ಟಾ?” ಅಜ್ಜಿ ಬಾಗಿಲು ಸರಿಸಿದರು.

ಚಿನಾತ್ಸು ಹೆಸರಿನ ಮಗ್ಗುಲನ್ನು ಅವರತ್ತ ತಿರುಗಿಸಿದಳು.

“ಆ ಚೀಲ ನಮ್ದು ಅಜ್ಜಿ. ನಾನೇ ಹೆಸರು ಬರೀಲಿಲ್ಲ. ಮೀಟಿಂಗಲ್ಲಿ ಈ ಹೆಸರು ಹೇಳಿ.”

ಹೇಳಿ, ಲುವಾನಾಳ ಅಮ್ಮ ಬಾಗಿದಷ್ಟೇ ಕೆಳಗೆ ಬಾಗಿದಳು.

ಚಿನಾತ್ಸುವಿಗೆ ನೆಲ ಮತ್ತು ತನ್ನ ಚಪ್ಪಲಿ ಮಾತ್ರ ಕಾಣುತ್ತಿದ್ದವು. ಆಮೇಲೆ ಅಜ್ಜಿಯ ಕಾಲುಗಳೂ ಹೊಸಿಲಿನಿಂದ ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡವು.

“ನಿಮ್ಮಮ್ಮ ಎದ್ದಿದಾಳೇನಮ್ಮ?” ಅಜ್ಜಿ ಲುವಾನಾಳನ್ನು ಕೇಳಿದರು. ದನಿ ಇಳಿದಿತ್ತು.

“ಐದೂವರೆಗೆ ಏಳ್ತಾಳೆ.”

“ಹಾಗಾದ್ರೆ ಕಾಯ್ತೀನಿ. ನಾನೂ ಒಂದು ಮಾತು ಹೇಳೋದಿದೆ.”

ಮೂವರೂ ಹೋಗಿ ಲುವಾನಾಳ ಮನೆಯ ಮೆಟ್ಟಿಲ ಮೇಲೆ ಕೂತರು. ಸಂಜೆ ಚಿನಾತ್ಸು ತನ್ನ ಅಮ್ಮನಿಗೂ ಹೇಳಬೇಕಿತ್ತು. ಆದರೆ ಬೆಳಗಿನ ಹಾಗೆ ಓಡಿಹೋಗಬೇಕು ಅನ್ನಿಸಲಿಲ್ಲ. ಚೀಲವನ್ನು ಹೆಸರು ಕಾಣುವ ಹಾಗೆ ಕಾಲ ಬಳಿ ಇಟ್ಟುಕೊಂಡಳು.