ಹಾವುಮೀನು ಸಾಕು

ಬಕೆಟ್ಟಿನಲ್ಲಿ ಹಾವುಮೀನು ಆರಾಮಾಗಿ ಸುತ್ತು ಹಾಕುತ್ತಿತ್ತು. ಪಕ್ಕದಲ್ಲಿ ಅವನು ಕುಕ್ಕರಗಾಲಲ್ಲಿ ಕೂತು ಅದಕ್ಕೆ ಅನ್ನದ ಅಗುಳು ಹಾಕುತ್ತಿದ್ದ.

"ಇನ್ನೂ ಕತ್ತರಿಸಿಲ್ವಾ?" ಅವಳ ಬ್ಯಾಗು ಕೈಯಿಂದ ಜಾರಿತು.

"ಜೀವಂತ ಸಿಕ್ಕಿದೆ, ಏನ್ಮಾಡ್ಲಿ ಅಂತ ಮೆಸೇಜ್ ಹಾಕಿದ್ನಲ್ಲ. ನೀನು 'ಹಾವುಮೀನು ಸಾಕು' ಅಂದೆ. ಸಾಕ್ತಾ ಇದೀನಿ."

"ಅಯ್ಯೋ ನನ್ನ ಕರ್ಮವೇ! ಅದೊಂದಿದ್ರೆ ಸಾಕು, ಬೇರೇನೂ ತರ್ಬೇಡ ಅಂತ ಕಣೋ!"

"ಹೆಸರು ಬೇರೆ ಇಟ್ಬಿಟ್ಟೆ."

"ಏನಂತ?"

"ಹೇಳಲ್ಲ. ಆಮೇಲೆ ನಿನಗೆ ತಿನ್ನೋಕಾಗಲ್ಲ."

ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ಅಣ್ಣ ಊಟಕ್ಕೆ ಬರುವವನಿದ್ದ. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ಅವಳನ್ನು ಓದಿಸಿದವನು ಅವನೇ. ಅವಳಿಗೆ ಬೇರೊಂದು ಗಂಡು ನೋಡಿಟ್ಟಿದ್ದ. ಇವನ ವಿಷಯ ಹೇಳಿದಾಗ, "ಬೀಗ ರಿಪೇರಿ ಮಾಡೋನ ಮನೆಯವ್ರು ನಮಗೆ ಬೀಗರಾ?" ಎಂದು ನಕ್ಕಿದ್ದ. ಅವಳು ಹಟ ಹಿಡಿದದ್ದಕ್ಕೆ ಒಮ್ಮೆ ಇವನ ಮನೆಗೆ ಬಂದು ನೋಡಲು ಒಪ್ಪಿದ್ದ. ಹಬೆಯಲ್ಲಿ ಬೆಂದ ಹಾವುಮೀನೆಂದರೆ ಅಣ್ಣನಿಗೆ ಪ್ರಾಣ. ಅವಳು ಅದನ್ನೇ ನಂಬಿ ಕೂತಿದ್ದಳು.

ಅವನು ಚಾಕು ಎತ್ತಿಕೊಂಡಾಗ ಅವಳು ಮುಖ ತಿರುಗಿಸಿದಳು. ಆಮೇಲೆ ಇಬ್ಬರೂ ಕಲ್ಲುಪ್ಪು ಹಾಕಿ ಲೋಳೆ ತಿಕ್ಕಿದರು. ಎಂಥ ಬೀಗವನ್ನೂ ಬಗ್ಗಿಸುವ ಅವನ ಕೈಯಿಂದ ಅದು ಮತ್ತೆ ಮತ್ತೆ ಜಾರಿತು. ಉಪ್ಪಿನೊಳಗೆ ಬೆರಳಿಗೆ ಬೆರಳು ತಾಗಿತು. ಅವನು ಓರೆಗಣ್ಣಲ್ಲಿ ನೋಡಿದ. ಅವಳೂ ನೋಡಿದಳು, ಕೂಡಲೇ ಕಣ್ಣು ತಗ್ಗಿಸಿದಳು.

"ಅಣ್ಣ ಬೇಡ ಅಂದ್ರೆ?" ಎಂದ ಅವನು.

"ಮೊದಲು ಶುಂಠಿ ಹೆಚ್ಚು."

ತುಂಡುಗಳ ಮೇಲೆ ಶುಂಠಿ, ಬೆಳ್ಳುಳ್ಳಿ ಹರಡಿ, ಮುಚ್ಚಳ ಮುಚ್ಚಿ ಹಬೆಗಿಟ್ಟರು. ಮಸಾಲೆ ಏನೂ ಇಲ್ಲ. ಅಡುಗೆಮನೆಯ ಕಿಟಕಿ ಮಂಜಾಯಿತು.

ಅಣ್ಣ ಬಂದ, ಮೂರೂ ಜನ ಕೂತರು. ಒಂದು ತುಂಡು ಬಾಯಿಗಿಟ್ಟು ಅಣ್ಣ ಕಣ್ಣು ಮುಚ್ಚಿದ.

"ಬೆಣ್ಣೆ ಹಂಗೆ ಬೆಂದಿದೆ," ಎಂದ ಅಣ್ಣ. "ಆದ್ರೆ ರುಚಿ ಬೇರೆ, ಸಂಬಂಧ ಬೇರೆ, ಪುಟ್ಟಿ. ನಾಳೆ ನಾನು ನೋಡಿಟ್ಟ ಹುಡುಗನ ಮನೆಯವ್ರಿಗೆ ಒಪ್ಪಿಗೆ ಹೇಳ್ತೀನಿ."

ಅವಳು ಬೀಗದವನ ಕಡೆ ನೋಡಿದಳು. ಅವನು ತಟ್ಟೆ ನೋಡುತ್ತಿದ್ದ.

"ಹೇಳ್ಬೇಡ ಅಣ್ಣ. ನಾನು ಮದುವೆ ಆದ್ರೆ ಇವನನ್ನೇ ಆಗೋದು."

"ಇಷ್ಟು ವರ್ಷ ಸಾಕಿದ್ದು ಇದಕ್ಕಾ?"

ಅಣ್ಣ ಅರ್ಧ ಊಟಕ್ಕೇ ಕೈ ತೊಳೆದು ಮೆಟ್ಟಿಲಿಳಿದ. ಅವಳಿಗೆ ಅಳು ಒತ್ತರಿಸಿ ಬಂತು.

"ನೀನು ತುಟಿ ಪಿಟಕ್ ಅನ್ಲಿಲ್ಲ," ಎಂದಳು.

"ಹೆದರಿಕೆ ಆಯ್ತು. ನೀನಿಲ್ದೆ ನನಗೆ ಆಗಲ್ಲ ಕಣೇ."

"ನನಗೆ ಹೇಳಿ ಏನು ಪ್ರಯೋಜನ?"

ಅವನು ಎಂಜಲುಗೈಯಲ್ಲೇ, ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದ. ಅವಳು ಕಿಟಕಿಯ ಮಂಜು ಒರೆಸಿದಳು. ಕೆಳಗೆ ಬೀದಿ ತುಂಬ ಜನ. ನಾಲ್ಕು ಜನರ ಮುಂದೆ ಬಾಯಿ ತೆರೆಯದವನು ನಡುಬೀದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಅಣ್ಣಾ! ಅವಳಿಲ್ದೆ ನನಗೆ ಆಗಲ್ಲ ಅಣ್ಣಾ!"

ಅಣ್ಣ ತಿರುಗಿ ನೋಡಲಿಲ್ಲ. ಆದರೆ ಮುಂದಕ್ಕೆ ಹೆಜ್ಜೆಯನ್ನೂ ಇಡಲಿಲ್ಲ.