ಎದೆಯ ಮೇಲಿನ ನೀಲಿ ದೀಪ

ಆರ್ವಿಡ್ ಲೆಹ್ಟೊಲಾ ಮೂವತ್ತು ವರ್ಷದಿಂದ ಕೂರುತ್ತಿದ್ದ ಮರದ ಮೋಟಿನ ಪಕ್ಕದಲ್ಲೇ ಅಂಗಾತ ಬಿದ್ದಿದ್ದ. ಎದೆಯಲ್ಲಿ ಗುಂಡಿನ ತೂತು. ಅದರಿಂದ ನಾಲ್ಕು ಬೆರಳು ಮೇಲೆ ಕಡಲೆಕಾಳಿನಷ್ಟು ಒಂದು ನೀಲಿ ದೀಪ ಇನ್ನೂ ಉರಿಯುತ್ತಿತ್ತು.

ಬೇಟೆಯ ಕಾನೂನು ಕಾಯುವ ವಾರ್ಡನ್ ಡೊರೀನ್ ಮಾಕಿ ಬಗ್ಗಿ ನೋಡಿದಳು. ಬ್ಯಾಟರಿಯಿಂದ ಬಿಸಿಯಾಗುವ ಕಂದು ಜಾಕೆಟ್. ಹೊಸದು. ಮುಟ್ಟಿದರೆ ಬೆಚ್ಚಗಿತ್ತು. ಅದನ್ನು ತೊಟ್ಟವನ ಕೈ ಮಾತ್ರ ಕಲ್ಲಿನ ಹಾಗೆ ತಣ್ಣಗಾಗಿತ್ತು.

ನವೆಂಬರಿನ ಶನಿವಾರ, ಉತ್ತರ ಮಿನ್ನೆಸೋಟದಲ್ಲಿ ಜಿಂಕೆ ಬೇಟೆಯ ಮೊದಲ ದಿನ. ಗಂಟೆ ಒಂಬತ್ತೂವರೆ. ಬೆಳಗಿನಿಂದ ಬೀಳುತ್ತಿದ್ದ ಹಿಮ ಎಂಟಕ್ಕೆ ನಿಂತಿತ್ತು.

"ನಾನೇ ಹೊಡೆದದ್ದು," ಎಂದ ವೇಯ್ನ್ ಟೋರ್ವಿಕ್. ಆತ ಜಿಲ್ಲಾ ಮಂಡಳಿಯ ಸದಸ್ಯ, ಊರಿನ ದೊಡ್ಡ ಮನುಷ್ಯ. "ಒಂಬತ್ತಕ್ಕೆ. ಪೊದೆಯಲ್ಲಿ ಕಂದು ಬಣ್ಣದ್ದು ಏನೋ ನಡ್ಕೊಂಡು ಹೋಗ್ತಿತ್ತು. ಜಿಂಕೆ ಅಂದ್ಕೊಂಡೆ. ಓಡಿ ಬಂದು ನೋಡಿದ್ರೆ ಆರ್ವಿಡ್. ಪ್ರಾಣ ಹೋಗಿತ್ತು. ತಕ್ಷಣ ಫೋನ್ ಮಾಡ್ದೆ."

"ನಡ್ಕೊಂಡು ಹೋಗ್ತಿದ್ರಾ?"

"ಹೌದಮ್ಮ. ದೂರಕ್ಕೆ ಎದ್ದು ಕಾಣೋ ಕಿತ್ತಳೆ ಬಣ್ಣ ಮೈಮೇಲೆ ಒಂದು ಚೂರೂ ಇರಲಿಲ್ಲ. ಈ ಕರೆಂಟ್ ಕೋಟು ಊರಿಗೆಲ್ಲ ತೋರಿಸ್ಬೇಕಿತ್ತೇನೋ. ಗಂಡಸಾದವನು ಉಣ್ಣೆ ಹಾಕ್ಕೋತಾನೆ."

ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಶೆರಿಫ್ ರೋಲಂಡ್ ಹೇಗ್ ಬಂದವನೇ ವೇಯ್ನನ ಭುಜದ ಮೇಲೆ ಕೈಯಿಟ್ಟ. ಸತ್ತವನ ಕಡೆ ಆಮೇಲೆ ನೋಡಿದ. ಡೊರೀನಳಿಗೆ ಮೈಯೆಲ್ಲ ಉರಿಯಿತು. ಅವಳು ನೆಲದ ಚಿತ್ರ ತೆಗೆಯತೊಡಗಿದಳು. ವೇಯ್ನನ ಬೂಟಿನ ಗುರುತುಗಳು ಮೋಟಿನವರೆಗೆ ಎರಡು ಸಾಲು ಬಂದಿದ್ದವು. ಒಂದು ಸಾಲು ಈಗಷ್ಟೇ ಒತ್ತಿದ ಹಾಗೆ ಸ್ಪಷ್ಟ. ಇನ್ನೊಂದರೊಳಗೆ ಹಿಮ ತುಂಬಿತ್ತು.

* * *

ಮಧ್ಯಾಹ್ನದ ಹೊತ್ತಿಗೆ ಊರಿನ ಕಾಫಿ ಅಂಗಡಿಯಲ್ಲಿ ತೀರ್ಪು ಆಗಿಹೋಗಿತ್ತು.

"ಆರ್ವಿಡ್ ಕೋಟಿನ ಮೇಲೆ ಹಾಕ್ಕೋತಿದ್ದ ಕಿತ್ತಳೆ ವೆಸ್ಟ್ ಅವನ ಮನೆ ಮೊಳೆಗೇ ನೇತಾಡ್ತಿದೆ," ಎಂದು ಶೆರಿಫ್ ಎಲ್ಲರಿಗೂ ಕೇಳುವಂತೆ ಹೇಳಿದ. "ಹೋಗಿ ನೋಡ್ಕೊಂಡು ಬಂದೆ. ಹೊಸ ಜಾಕೆಟ್ ದಪ್ಪ, ಅದರ ಮೇಲೆ ಹಳೇ ವೆಸ್ಟ್ ಏರಿಲ್ಲ. ಬಿಟ್ಟು ಹೋಗಿದ್ದಾನೆ. ಪಾಪ, ತಪ್ಪು ಅವನದೇ."

"ಜಾಕೆಟ್ ಕೊಡಿಸಿದವಳು ಹೆಲ್ಮಿ ತಾನೆ?" ಯಾರೋ ಕೇಳಿದರು. "ಹೆಂಡತಿ ಪ್ರೀತಿಯೇ ಮುಳುವಾಯ್ತು."

ನಾಲ್ಕು ಜನ ತಲೆಯಾಡಿಸಿದರು. ಉಳಿದ ಬೇಟೆಗಾರರ ಕಣ್ಣಿಗೆ ಬೀಳುವ ಬಣ್ಣ ತೊಡದೆ ಕಾಡಿಗೆ ಹೋಗುವುದು ಕಾನೂನಿಗೆ ವಿರುದ್ಧ, ಬುದ್ಧಿಗೂ ವಿರುದ್ಧ. ನಿಜ. ಆದರೆ ಮಣ್ಣಿಗೂ ಹೋಗದ ಹೆಣದ ಮೇಲೆ, ಮನೆಯಲ್ಲಿ ಒಬ್ಬಳೇ ಕೂತಿದ್ದ ಹೆಂಗಸಿನ ಮೇಲೆ, ಸಿಹಿ ಬನ್ನು ಅದ್ದಿಕೊಂಡು ತಿನ್ನುತ್ತ ಅಪರಾಧ ಹೊರಿಸುವುದು ಎಂಥ ಬುದ್ಧಿ? ಡೊರೀನ್ ಕಾಫಿ ಹಾಗೇ ಬಿಟ್ಟು ಎದ್ದಳು.

* * *

ಹೆಲ್ಮಿಯ ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ.

"ನಾನೇ ಕೊಂದೆ ಕಣೆ ಡೊರೀನ್," ಎಂದಳು ಹೆಲ್ಮಿ. "ಅವರಿಗೆ ಸಂಧಿವಾತ. ಚಳಿಗೆ ಕೂರೋಕಾಗ್ತಿರಲಿಲ್ಲ. ನಾಲ್ಕು ತಿಂಗಳು ಹುಡುಕಿ ಆರಿಸಿದ್ವಿ. ಬಟ್ಟೆ ಸರಸರ ಅನ್ನಬಾರದು, ಜಿಂಕೆ ಓಡಿಹೋಗುತ್ತೆ. ಬ್ಯಾಟರಿ ಸೊಂಟಕ್ಕೆ ಬರಬೇಕು, ಬೆನ್ನಿಗೆ ಒತ್ತಬಾರದು. ದಪ್ಪ ಗ್ಲೌಸಲ್ಲೂ ಗುಂಡಿ ಒತ್ತೋಕಾಗ್ಬೇಕು. ಎಲ್ಲ ನೋಡ್ದೆ. ಹಳೇ ವೆಸ್ಟ್ ಅದರ ಮೇಲೆ ಏರುತ್ತಾ ಅಂತ ಒಂದು ನೋಡ್ಲಿಲ್ಲ."

"ಆ ಗುಂಡಿಯಲ್ಲಿ ದೀಪ ಇದೆಯಲ್ಲ, ಹೆಲ್ಮಿಯಮ್ಮ. ಅವರು ಏನೂ ಅನ್ನಲಿಲ್ವಾ?"

"ಅನ್ನದೆ ಇರ್ತಾರಾ? ಜಾಸ್ತಿ ಬಿಸಿಗೆ ಕೆಂಪು, ಕಡಿಮೆ ಬಿಸಿಗೆ ನೀಲಿ. ಕೆಂಪು ಜಿಂಕೆ ಕಣ್ಣಿಗೆ ಅಷ್ಟು ಕಾಣಲ್ಲ, ನೀಲಿ ಚೆನ್ನಾಗಿ ಕಾಣುತ್ತೆ. ಅದಕ್ಕೇ ವಾಪಸ್ ಕಳಿಸೋಣ ಅಂದಿದ್ರು. ಆಮೇಲೆ ತಾವೇ, 'ಹೇಗೂ ಮೇಲೊಂದು ವೆಸ್ಟ್ ಬರುತ್ತಲ್ಲ, ಮುಚ್ಚಿಹೋಗುತ್ತೆ ಬಿಡು' ಅಂದ್ರು."

ಡೊರೀನ್ ಕುರ್ಚಿಯಲ್ಲಿ ನೆಟ್ಟಗಾದಳು.

"ನೀವೂ ಬೇಟೆಗೆ ಹೋಗ್ತೀರಿ. ನಿಮ್ಮ ವೆಸ್ಟ್ ಎಲ್ಲಿ?"

"ಟ್ರಕ್ಕಿನ ಪೆಟ್ಟಿಗೇಲಿ. ನಂದು ಗುಲಾಬಿ ಬಣ್ಣದ್ದು. ಈಗ ಕಿತ್ತಳೆ ಬದಲು ಅದನ್ನೂ ಹಾಕ್ಬಹುದು ಅಂತ ಕಾನೂನಿದೆಯಲ್ಲ. ಈ ಊರಲ್ಲಿ ಗುಲಾಬಿ ಹಾಕೋಳು ನಾನೊಬ್ಬಳೇ, ಎಲ್ಲರೂ ಆಡ್ಕೋತಾರೆ. ಅಳತೆ ಮಾತ್ರ ಅವರದಕ್ಕಿಂತ ಎರಡು ಪಟ್ಟು."

ಕಾಡಂಚಿನಲ್ಲಿ ಆರ್ವಿಡ್ ನಿಲ್ಲಿಸಿದ್ದ ಟ್ರಕ್ ಇನ್ನೂ ಅಲ್ಲೇ ಇತ್ತು. ಶೆರಿಫ್ ಅದರ ಬಾಗಿಲನ್ನೂ ತೆಗೆದು ನೋಡಿರಲಿಲ್ಲ. ಡೊರೀನ್ ಪೆಟ್ಟಿಗೆ ತೆರೆದಳು. ಹಗ್ಗ ಇತ್ತು, ಚಾಕು ಇತ್ತು, ಕಾಫಿ ಫ್ಲಾಸ್ಕ್ ಇತ್ತು. ವೆಸ್ಟ್ ಇರಲಿಲ್ಲ.

* * *

ಭಾನುವಾರ ಬೆಳಿಗ್ಗೆ ವೇಯ್ನನ ಬೇಟೆ ಗುಡಿಸಲಿನ ಬಾಗಿಲಲ್ಲಿ ಡೊರೀನ್ ಅದನ್ನು ಶೋಧಿಸಲು ನ್ಯಾಯಾಧೀಶರು ಕೊಟ್ಟ ಆದೇಶ ಹಿಡಿದು ನಿಂತಳು. ಜೊತೆಗೆ ಶೆರಿಫ್, ಮುಖ ಗಂಟು ಹಾಕಿಕೊಂಡು.

"ಏನಿದು ನಾಟಕ?" ಎಂದ ವೇಯ್ನ್. "ಪ್ರಾಮಾಣಿಕವಾಗಿ ಒಪ್ಕೊಂಡೋನನ್ನೇ ಹಿಂಸೆ ಮಾಡ್ತೀಯಾ?"

"ಅರ್ಧ ಒಪ್ಕೊಂಡ್ರಿ," ಎಂದಳು ಡೊರೀನ್. "ಉಳಿದರ್ಧ ನಾನು ಹೇಳ್ತೀನಿ, ಕೂತ್ಕೊಳ್ಳಿ. ಆರ್ವಿಡ್ ನಡ್ಕೊಂಡು ಹೋಗ್ತಿದ್ರು ಅಂದ್ರಿ. ಅವರ ಜಾಕೆಟ್ ಆನ್ ಆಗಿತ್ತು. ನಡೆಯುವಾಗ ಯಾರೂ ಅದನ್ನ ಆನ್ ಮಾಡಲ್ಲ. ಬೆವರು ಬರುತ್ತೆ, ಆಮೇಲೆ ಆ ಬೆವರೇ ಹೆಪ್ಪುಗಟ್ಟಿ ಸಾಯಿಸುತ್ತೆ. ಕೂತ ಮೇಲೇ ಒತ್ತೋದು. ನೀವು ಉಣ್ಣೆ ಗಂಡಸು, ನಿಮಗೆ ಗೊತ್ತಿಲ್ಲ. ಅವರು ಮೋಟಿನ ಮೇಲೆ ಕೂತಿದ್ರು."

"ಕೂತಿದ್ರೇನು, ನಿಂತಿದ್ರೇನು? ಬಣ್ಣ ಹಾಕಿರಲಿಲ್ಲ."

"ಹಾಕಿದ್ರು. ಎದೆ ಮೇಲೆ ನೀಲಿ ದೀಪ ಬಿಟ್ಕೊಂಡು ಜಿಂಕೆ ಕಾಯೋಕೆ ಆರ್ವಿಡ್ ಏನು ನಿನ್ನೆ ಮೊನ್ನೆ ಬಂದೂಕು ಹಿಡಿದೋರಾ? ದೀಪದ ಮೇಲೆ ಒಂದು ಚೂರು ಟೇಪೂ ಅಂಟಿಸಿರಲಿಲ್ಲ. ಯಾಕೆ? ಅದನ್ನ ಮುಚ್ಚೋಕೆ ಮೇಲೊಂದು ಬಟ್ಟೆ ಇತ್ತು. ನಾನು ನೋಡುವಾಗ ಇರಲಿಲ್ಲ. ಯಾರೋ ಬಿಚ್ಚಿದ್ರು."

ಶೆರಿಫ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅವನ ವೆಸ್ಟ್ ಮನೆಯಲ್ಲೇ ಇದೆ, ಡೊರೀನ್."

"ಅವರದು ಇದೆ. ಟ್ರಕ್ಕಲ್ಲಿದ್ದ ಹೆಂಡತಿದು ಇಲ್ಲ. ಹೊಸ ಜಾಕೆಟ್ ಮೇಲೆ ಏರೋವಷ್ಟು ದೊಡ್ಡದು ಅದೊಂದೇ."

ಅವಳು ಗುಡಿಸಲಿನ ಕಬ್ಬಿಣದ ಒಲೆಯ ಬಾಗಿಲು ಎಳೆದಳು. ಬೂದಿ ಕೆದಕಿದಳು. ಉಣ್ಣೆ, ಹತ್ತಿ ಆಗಿದ್ದರೆ ಸುಟ್ಟು ಹೋಗುತ್ತಿತ್ತು. ಇದು ಪ್ಲಾಸ್ಟಿಕ್ ನೂಲಿನ ಬಟ್ಟೆ. ಕರಗಿ ಒಲೆಯ ಸರಳುಗಳಿಗೆ ಮೆತ್ತಿಕೊಂಡು ಗಟ್ಟಿಯಾಗಿತ್ತು. ಚಾಕುವಿನಿಂದ ಕೆರೆದಾಗ ಕಪ್ಪು ಸಿಪ್ಪೆಯ ಕೆಳಗೆ ಬಣ್ಣ ಕಂಡಿತು. ಅಪ್ಪಟ ಗುಲಾಬಿ.

ಶೆರಿಫ್ ಬಗ್ಗಿ ನೋಡಿದ.

"ಮೋಟಿನ ಹತ್ತಿರ ನಿಮ್ಮ ಮೊದಲ ಸಾಲು ಹೆಜ್ಜೆಯಲ್ಲಿ ಹಿಮ ತುಂಬಿತ್ತು," ಎಂದಳು ಡೊರೀನ್. "ಹಿಮ ನಿಂತಿದ್ದು ಎಂಟಕ್ಕೆ. ಅಂದ್ರೆ ನೀವು ಅದಕ್ಕೂ ಮುಂಚೆ ಹೊಡೆದು, ಹತ್ತಿರ ಹೋಗಿ, ವೆಸ್ಟ್ ಬಿಚ್ಚಿ, ಇಲ್ಲಿ ತಂದು ಸುಟ್ಟು, ಒಂಬತ್ತಕ್ಕೆ ವಾಪಸ್ ಬಂದು ಫೋನ್ ಮಾಡಿದ್ರಿ. ಗುಂಡು ಬಿದ್ದ ಮೇಲೆ ಅರ್ಧ ಗಂಟೆ ಜೀವ ಇತ್ತು ಅಂತಾರೆ ಹೆಣ ಪರೀಕ್ಷೆ ಮಾಡಿದ ಡಾಕ್ಟರ್. ನಿಮ್ಮ ಜೇಬಲ್ಲಿ ಫೋನಿತ್ತು. ಆಸ್ಪತ್ರೆ ಹನ್ನೆರಡು ಮೈಲಿ."

ವೇಯ್ನ್ ಒಲೆಯ ಕಡೆ ನೋಡಿದ. "ಬೆಳಕು ಸರಿಯಾಗಿರಲಿಲ್ಲ... ಏನೋ ಅಲ್ಲಾಡ್ತು, ಹೊಡೆದೆ. ಹೋಗಿ ನೋಡಿದ್ರೆ ಗುಲಾಬಿ. ಅಷ್ಟು ದೊಡ್ಡ ಗುಲಾಬಿ ಬಟ್ಟೆ ಕಾಣಲಿಲ್ಲ ಅಂದ್ರೆ ಯಾರು ನಂಬ್ತಾರೆ? ಜೈಲಿಗೆ ಹೋಗ್ಬೇಕಿತ್ತು. ಅದು ಇಲ್ದಿದ್ರೆ ಆಕಸ್ಮಿಕ ಅಂತಾರೆ."

"ಬಿಚ್ಚುವಾಗ ಅವರು ಏನಾದ್ರೂ ಅಂದ್ರಾ?"

ವೇಯ್ನ್ ತಲೆ ತಗ್ಗಿಸಿದ. "ನನ್ನ ಹೆಸರು ಕರೆದ," ಎಂದ.

ಶೆರಿಫ್ ಅವನ ಕೈಗೆ ಬೇಡಿ ತೊಡಿಸಿದ. ಈ ಸಲ ಭುಜ ಮುಟ್ಟಲಿಲ್ಲ.

* * *

ಮಧ್ಯಾಹ್ನ ಹೆಲ್ಮಿ ಎಲ್ಲವನ್ನೂ ನಿಂತೇ ಕೇಳಿದಳು. ಅಳಲಿಲ್ಲ. ವೇಯ್ನನ ಹೆಸರು ಬಂದಾಗ ಮೇಜಿನ ಅಂಚು ಗಟ್ಟಿಯಾಗಿ ಹಿಡಿದಳು, ಅಷ್ಟೇ.

"ಸೋಮವಾರ ವರದಿ ತಿದ್ದಿ ಕಳಿಸ್ತೀನಿ, ಹೆಲ್ಮಿ," ಎಂದ ಶೆರಿಫ್. "ಆರ್ವಿಡನ ತಪ್ಪಿಲ್ಲ ಅಂತ ಕಾಗದದಲ್ಲೇ ಬರುತ್ತೆ."

"ಕಾಗದ ಯಾರು ಓದ್ತಾರೆ, ರೋಲಂಡ್?" ಎಂದಳು ಹೆಲ್ಮಿ. "ನಿನ್ನೆ ನೀನು ಕಾಗದದಲ್ಲಿ ಹೇಳಿದ್ಯಾ? ಕಾಫಿ ಅಂಗಡೀಲಿ ನಿಂತ್ಕೊಂಡು ಹೇಳ್ದೆ. ಒಂದಿಡೀ ದಿನ ನನ್ನ ಗಂಡ ದಡ್ಡ, ನಾನು ಕೊಲೆಗಾತಿ. ನಾನೂ ಅದನ್ನ ನಂಬಿದ್ದೆ ಕಣೋ. ನಡಿ."

"ಈಗಲೇನಾ? ಚರ್ಚ್ ಬಿಟ್ಟಿದೆ, ಊರೆಲ್ಲ ಅಲ್ಲೇ ಇರುತ್ತೆ."

"ಅದಕ್ಕೇ."

ಅವಳು ಕೋಟು ಹಾಕಿಕೊಂಡು ಮುಂದೆ ನಡೆದಳು. ಡೊರೀನ್ ಅಂಗಡಿಯ ಬಾಗಿಲು ತೆರೆದು ಹಿಡಿದಳು. ಒಳಗೆ ಕೂತವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಹೆಲ್ಮಿ ಶೆರಿಫನನ್ನು ನಿನ್ನೆ ಅವನು ನಿಂತಿದ್ದ ಜಾಗಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸಿದಳು. ತಾನು ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

ಶೆರಿಫ್ ಟೋಪಿ ತೆಗೆದ. "ನಿನ್ನೆ ನಾನು ಇಲ್ಲಿ ಒಂದು ಮಾತು ಹೇಳಿದ್ದೆ," ಎಂದು ಶುರುಮಾಡಿದ.

"ಜೋರಾಗಿ ಹೇಳು, ರೋಲಂಡ್," ಎಂದಳು ಹೆಲ್ಮಿ. "ನಿನ್ನೆ ಹಿಂದಿನ ಮೇಜಿಗೂ ಕೇಳಿಸಿತ್ತು."